"ನಿಮ್ಮ ಟಿವಿ ಒಮ್ಮೆ ಬಂದ್ ಮಾಡಿ ಮಾರಾಯ್ರೆ": ವ್ಯೂಫೈಂಡರ್, ಸ್ಕ್ರೀನ್ ಸರಿಮಾಡಿದ ಒಂದು ವಾರ

ಮುಂಬೈಯ ಮಾಟುಂಗಾದಲ್ಲಿ ಶನಿವಾರ ಸಂಜೆ ಯಕ್ಷಗಾನದ ಆಟ. ನಾನು ಮೂರನೇ ಸಾಲಿನಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದೆ. ಕಥೆ ಶುರುವಾಗಿ ಹತ್ತು ನಿಮಿಷ ಆಗಿರಬೇಕು, ಹಿಂದಿನಿಂದ ಭುಜಕ್ಕೆ ಎರಡು ಬೆರಳು ತಾಗಿತು. ತಿರುಗಿದರೆ ಬಿಳಿ ಅಂಗಿಯ ಒಬ್ಬ ಹಿರಿಯರು. "ಹೋಯ್, ನಿಮ್ಮ ಟಿವಿ ಒಮ್ಮೆ ಬಂದ್ ಮಾಡಿ ಮಾರಾಯ್ರೆ. ನಮ್ಗೆ ವೇಷ ಕಾಣುದಿಲ್ಲ, ನಿಮ್ಮ ಸ್ಕ್ರೀನೇ ಕಾಣುದು."

ನನಗೆ ನಾಚಿಕೆಯಾಯಿತು. ಸ್ಕ್ರೀನ್ ಮೇಲೆ ಅಂಗೈ ಅಡ್ಡ ಹಿಡಿದೆ. ಸ್ಕ್ರೀನ್ ಆಫ್ ಆಯಿತು. ಕೈ ತೆಗೆದೆ, ಮತ್ತೆ ಹತ್ತಿತು. ಹೀಗೆ ಅರ್ಧ ಗಂಟೆ ಮಿಣುಕು ಹುಳದ ಹಾಗೆ ಹತ್ತುವುದು, ಆರುವುದು. ಅವರು ಮತ್ತೇನೂ ಹೇಳಲಿಲ್ಲ. ಆದರೆ ಮಧ್ಯೆ ಎದ್ದು ಬೇರೆ ಸಾಲಿಗೆ ಹೋಗಿ ಕೂತರು.

ಅಷ್ಟಕ್ಕೇ ಮುಗಿಯಲಿಲ್ಲ. ಡೊಂಬಿವಲಿಯ ಕಡೇ ಸ್ಲೋ ಗಾಡಿ ಹಿಡಿದು ಮನೆಗೆ ಬಂದು ಕಾರ್ಡ್ ಅನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಎಲ್ಲಾ ಫೋಟೋ ಕಪ್ಪು. ಸಣ್ಣದಾಗಿ ಅಲ್ಲ, ಒಂದೂವರೆ ಸ್ಟಾಪ್ ಕಪ್ಪು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಆದರೆ ಹಾಲ್‌ನಲ್ಲಿ ಸ್ಕ್ರೀನ್ ನೋಡಿದಾಗ ಎಲ್ಲಾ ಚೆನ್ನಾಗಿಯೇ ಇತ್ತಲ್ಲ! ಇನ್ನೂ ಬೆಳಕು ಜಾಸ್ತಿ ಆಯಿತು ಅಂತ ನಾನೇ ಶಟರ್ ವೇಗ ಏರಿಸುತ್ತಾ ಹೋಗಿದ್ದೆ.

ಆ ರಾತ್ರಿ ಒಂದು ತೀರ್ಮಾನ ಮಾಡಿದೆ. ಮುಂದಿನ ಭಾನುವಾರ ಮತ್ತೊಂದು ಆಟ ಇದೆ. ಅಷ್ಟರೊಳಗೆ ಈ ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣುವುದನ್ನೆಲ್ಲಾ ಒಂದೊಂದಾಗಿ ಸರಿಮಾಡಬೇಕು. ಲೆನ್ಸ್ ಬೇಡ, ಐಎಸ್‌ಒ ಬೇಡ. ನೋಡುವ ಎರಡು ಕಿಟಕಿ ಮಾತ್ರ: ಕಣ್ಣಿಟ್ಟು ನೋಡುವ ವ್ಯೂಫೈಂಡರ್, ಬೆನ್ನ ಮೇಲಿನ ಸ್ಕ್ರೀನ್. ಸ್ಕ್ರೀನಿಗೆ 'ತೆರೆ' ಅನ್ನಬಹುದಿತ್ತು. ಯಕ್ಷಗಾನದವರ ಮುಂದೆ ತೆರೆ ಅಂದರೆ ಇಬ್ಬರು ಹಿಡಿದುಕೊಂಡು ನಿಲ್ಲುವ ಬಟ್ಟೆ. ಹಾಗಾಗಿ ಸ್ಕ್ರೀನ್ ಅಂತಲೇ ಬರೆಯುತ್ತೇನೆ.

ಕ್ಯಾಮೆರಾ ಸೋನಿ ಎ6400. 2019ರ ಮಾದರಿ. ಫೋರ್ಟ್‌ನ ಬೋರಾ ಬಜಾರ್ ಕಡೆ ಕ್ಯಾಮೆರಾ ಅಂಗಡಿಗಳ ಗಲ್ಲಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಆರು ತಿಂಗಳಾಗಿತ್ತು. ವ್ಯೂಫೈಂಡರ್ ಒಳಗಿನ ಪುಟ್ಟ ಪರದೆ ಬರೀ 0.39 ಇಂಚು, ಉಗುರಿನಷ್ಟು. ಆದರೆ ಅದರಲ್ಲಿ ಸುಮಾರು 23.6 ಲಕ್ಷ ಚುಕ್ಕಿ. ಹಿಂದಿನ ಸ್ಕ್ರೀನ್ 3 ಇಂಚು, ಸುಮಾರು 9.2 ಲಕ್ಷ ಚುಕ್ಕಿ. ಅಂದರೆ ಚಿಕ್ಕದರಲ್ಲೇ ಹೆಚ್ಚು ವಿವರ. ನಾನು ಆರು ತಿಂಗಳು ದೊಡ್ಡದನ್ನೇ ನಂಬಿ ಕೂತಿದ್ದೆ.

ಸೋಮವಾರ, ಕಣ್ಣಿನ ಸೆನ್ಸರ್

ಮೊದಲು ಆ ಮಿಣುಕು ಹುಳದ ಕಥೆ. ವ್ಯೂಫೈಂಡರ್ ಗಾಜಿನ ಪಕ್ಕದಲ್ಲೇ ಒಂದು ಕಪ್ಪು ಪಟ್ಟಿ ಇದೆ. ಅದರ ಹಿಂದೆ ಸೆನ್ಸರ್. ಏನಾದರೂ ಹತ್ತಿರ ಬಂದರೆ ಕಣ್ಣು ಬಂತು ಅಂದುಕೊಂಡು ಸ್ಕ್ರೀನ್ ಆರಿಸಿ ವ್ಯೂಫೈಂಡರ್ ಹತ್ತಿಸುತ್ತದೆ. ಅದಕ್ಕೆ ಕಣ್ಣು ಯಾವುದು, ಅಂಗೈ ಯಾವುದು ಗೊತ್ತಿಲ್ಲ. ಬಿಸಿಲಲ್ಲಿ ಫೋಟೋ ನೋಡಲು ಕೈ ಮರೆ ಮಾಡಿದರೂ ಅದೇ ಕಥೆ. ಶಿವಾಜಿ ಪಾರ್ಕ್‌ನಲ್ಲಿ ಮಟಮಟ ಮಧ್ಯಾಹ್ನ ಎಷ್ಟು ಸಲ ಬೈದುಕೊಂಡಿದ್ದೇನೋ.

ನನ್ನದಕ್ಕೆ ಇನ್ನೊಂದು ಕಾಯಿಲೆ ಇತ್ತು. ಕೆಲವೊಮ್ಮೆ ಯಾರೂ ಹತ್ತಿರ ಇಲ್ಲದಿದ್ದರೂ ಸ್ಕ್ರೀನ್ ಹತ್ತುತ್ತಿರಲಿಲ್ಲ. ಬ್ಯಾಟರಿ ತೆಗೆದು ಹಾಕಿದರೂ ಇಲ್ಲ. ಸೆಟ್ಟಿಂಗ್ ತಪ್ಪಿದೆ ಅಂತ ಮೆನು ಎಲ್ಲಾ ಜಾಲಾಡಿದ್ದೆ. ಸೋಮವಾರ ರಾತ್ರಿ ಊಟ ಆದ ಮೇಲೆ ಟೇಬಲ್ ಲ್ಯಾಂಪ್ ಕೆಳಗೆ ಇಟ್ಟು, ಮಗಳ ಬೂತಗನ್ನಡಿಯಲ್ಲಿ ನೋಡಿದೆ. ಪಟ್ಟಿಯ ಮೇಲೆ ಬೆವರಿನ ಒಣಗಿದ ಕಲೆ. ಮೂಲೆಯಲ್ಲಿ ಕೆಂಪು ಪುಡಿ. ಚೌಕಿಯಲ್ಲಿ ವೇಷ ಕಟ್ಟುವಾಗ ಹತ್ತಿರ ಹೋಗಿ ಫೋಟೋ ತೆಗೆಯುತ್ತೇನಲ್ಲ, ಅಲ್ಲಿನ ಬಣ್ಣದ ಪುಡಿ ಇದು! ಕಲಾವಿದರ ಮುಖಕ್ಕೆ ಹೋಗಬೇಕಾದದ್ದು ನನ್ನ ಕ್ಯಾಮೆರಾದ ಕಣ್ಣಿಗೆ ಹೋಗಿತ್ತು.

ವ್ಯೂಫೈಂಡರ್ ಸುತ್ತಲಿನ ರಬ್ಬರ್ ಐಕಪ್ ಅನ್ನು ಮೆಲ್ಲ ಎಳೆದು ತೆಗೆದೆ. ಮೊದಲು ಗಾಳಿ ಪಂಪ್‌ನಿಂದ ಊದಿದೆ. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ, ಮುಂಬೈಯ ಮಳೆಗಾಲದಲ್ಲಿ ತೇವ ಮೊದಲೇ ಸಾಕಷ್ಟಿದೆ. ಆಮೇಲೆ ಕನ್ನಡಕ ಒರೆಸುವ ಬಟ್ಟೆಯ ಮೂಲೆಯನ್ನು ಬೆಂಕಿಕಡ್ಡಿಗೆ ಸುತ್ತಿ, ಎಲ್ಲೋ ಒಂದು ಹನಿ ನೀರು ತಾಗಿಸಿ, ಒಂದೇ ದಿಕ್ಕಿಗೆ ಒರೆಸಿದೆ. ಉಜ್ಜಲಿಲ್ಲ. ಪುಡಿ ಇರುವಾಗ ಉಜ್ಜಿದರೆ ಗೀರು ಬೀಳುತ್ತದೆ. ಸ್ಪಿರಿಟ್ ಕೂಡ ಮುಟ್ಟಲಿಲ್ಲ, ರಬ್ಬರಿಗೂ ಗಾಜಿನ ಮೇಲಿನ ಲೇಪಕ್ಕೂ ಅದು ಆಗಿಬರುವುದಿಲ್ಲ. ಹದಿನೈದು ನಿಮಿಷದ ಕೆಲಸ. ಸ್ಕ್ರೀನ್ ಮತ್ತೆ ಮೊದಲಿನ ಹಾಗೆ ಹತ್ತತೊಡಗಿತು. ಆರು ತಿಂಗಳು ಮೆನುವಿನಲ್ಲಿ ಹುಡುಕಿದ ರೋಗ ಬಟ್ಟೆಯ ಮೂಲೆಯಲ್ಲಿ ಹೋಯಿತು.

ಇನ್ನು ಅಸಲು ಮದ್ದು. ಮೆನುವಿನಲ್ಲಿ ನೇರಳೆ ಬಣ್ಣದ ಟ್ಯಾಬ್, ಕ್ಯಾಮೆರಾ ಸೆಟ್ಟಿಂಗ್ಸ್ 2. ಅದರೊಳಗೆ 'ಫೈಂಡರ್/ಮಾನಿಟರ್' ಅಂತ ಒಂದು ಸಾಲು. ಮೂರು ಆಯ್ಕೆ: ಆಟೋ, ವ್ಯೂಫೈಂಡರ್ ಮಾತ್ರ, ಮಾನಿಟರ್ ಮಾತ್ರ. 'ವ್ಯೂಫೈಂಡರ್ ಮಾತ್ರ' ಇಟ್ಟರೆ ಹಿಂದಿನ ಸ್ಕ್ರೀನ್ ಹತ್ತುವುದೇ ಇಲ್ಲ. ಮೆನು, ತೆಗೆದ ಫೋಟೋ ಎಲ್ಲವೂ ಕಣ್ಣಿನ ಕಿಟಕಿಯಲ್ಲೇ. ಹಿರಿಯರ ದೂರಿಗೆ ಪರಿಹಾರ ಇಷ್ಟೇ ಇತ್ತು. ಆದರೆ ಪ್ರತಿ ಸಲ ಮೆನು ಹೊಕ್ಕು ಬದಲಿಸುವುದು ಯಾರಿಗೆ ಬೇಕು? ಶಟರ್ ಪಕ್ಕದ ಸಿ1 ಬಟನ್ನಿಗೆ ಇದನ್ನೇ ಕೊಟ್ಟೆ. ಈಗ ಒಂದು ಒತ್ತು, ಕಣ್ಣಿನ ಕಿಟಕಿ. ಇನ್ನೊಂದು ಒತ್ತು, ಸ್ಕ್ರೀನ್. ಸೆನ್ಸರಿನ ಊಹೆಗೆ ಕೆಲಸವೇ ಇಲ್ಲ.

ಮಂಗಳವಾರ, ಬೇರೆಯವರ ಕನ್ನಡಕ

ಐಕಪ್ ತೆಗೆದಾಗ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಕಂಡಿತು. ಡಯಾಪ್ಟರ್. ಕಣ್ಣಿನ ಪವರಿಗೆ ವ್ಯೂಫೈಂಡರನ್ನು ಹೊಂದಿಸುವ ಚಕ್ರ. ಈ ಕ್ಯಾಮೆರಾದಲ್ಲಿ ಮೈನಸ್ 4ರಿಂದ ಪ್ಲಸ್ 3ರವರೆಗೆ ತಿರುಗುತ್ತದೆ. ಅದು ಒಂದು ತುದಿಯ ಹತ್ತಿರ ಕೂತಿತ್ತು. ನಾನು ಅದನ್ನು ಮುಟ್ಟಿದ್ದೇ ಇಲ್ಲ. ಅಂದರೆ ಇಷ್ಟು ದಿನ ಮೊದಲಿನ ಮಾಲೀಕರ ಕಣ್ಣಿನಲ್ಲಿ ನೋಡುತ್ತಿದ್ದೆ! ವ್ಯೂಫೈಂಡರ್ ಮಸುಕು ಅಂತ ಸ್ಕ್ರೀನಿಗೆ ಅಂಟಿಕೊಂಡಿದ್ದು ಇದೇ ಕಾರಣಕ್ಕೆ.

ಹೊಂದಿಸುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದೆ. ಎದುರಿನ ಕ್ಯಾಲೆಂಡರ್ ನೋಡುತ್ತಾ ಚಕ್ರ ತಿರುಗಿಸಿದೆ. ಕ್ಯಾಲೆಂಡರ್ ಫೋಕಸ್‌ನಲ್ಲೇ ಇಲ್ಲದಿದ್ದರೆ ಚಕ್ರ ಏನು ಮಾಡೀತು? ನೋಡಬೇಕಾದದ್ದು ಚಿತ್ರವನ್ನಲ್ಲ, ಅದರ ಕೆಳಗೆ ಬರುವ ಅಂಕಿಗಳನ್ನು. ಶಟರ್, ಅಪರ್ಚರ್ ಅಂಕಿಯ ಅಂಚು ಚೂಪಾಗುವವರೆಗೆ ತಿರುಗಿಸಿ, ಸ್ವಲ್ಪ ದಾಟಿ, ಮತ್ತೆ ಹಿಂದೆ ಬರಬೇಕು. ಕನ್ನಡಕ ಹಾಕಿಕೊಂಡು ಫೋಟೋ ತೆಗೆಯುವವರು ಕನ್ನಡಕ ಹಾಕಿಯೇ ಹೊಂದಿಸಬೇಕು. ಐಕಪ್ ಇದ್ದಾಗ ಈ ಚಕ್ರಕ್ಕೆ ಬೆರಳು ಸಿಗುವುದು ಕಷ್ಟ, ತೆಗೆದರೆ ಸಲೀಸು.

ಹತ್ತು ಸೆಕೆಂಡ್. ಅಂಕಿಗಳು ಹೊಸ ಪಾಟಿಯ ಮೇಲೆ ಬರೆದ ಹಾಗೆ ಕಂಡವು. ಮಗಳನ್ನು ಕರೆದು ತೋರಿಸಿದೆ. "ಅಪ್ಪ, ನಂಗೆ ಎಲ್ಲಾ ಮಸುಕು" ಅಂದಳು. ಸರಿ ಅಲ್ವಾ, ಅದು ಅವಳ ಕಣ್ಣಿಗೆ ಹೊಂದಿಸಿದ್ದಲ್ಲ. ಅವಳ ಕಣ್ಣಿಗೆ ಒಂದು, ನನ್ನ ಕಣ್ಣಿಗೆ ಒಂದು ಅಂತ ಚಕ್ರದ ಪಕ್ಕ ನೇಲ್ ಪಾಲಿಶ್‌ನ ಎರಡು ಚುಕ್ಕಿ ಇಟ್ಟೆವು. ಅವಳದು ಗುಲಾಬಿ. ನನ್ನದು ಕೂಡ ಗುಲಾಬಿ, ಮನೆಯಲ್ಲಿ ಬೇರೆ ಬಣ್ಣ ಇರಲಿಲ್ಲ. ಯಾವುದು ಯಾರದು ಅಂತ ಈಗಲೂ ಜಗಳ ಇದೆ.

ಬುಧವಾರ, ಪಂಚೆ ಮತ್ತು ಕೊಡೆ

ಇದು ಮುಖ್ಯ ಸಂಜೆ. ಫೋಟೋ ಯಾಕೆ ಕಪ್ಪಾಯಿತು?

ಹಳದಿ ಟ್ಯಾಬ್‌ನಲ್ಲಿ ಮಾನಿಟರ್ ಬ್ರೈಟ್‌ನೆಸ್ ತೆರೆದೆ. 'ಸನ್ನಿ ವೆದರ್'. ಬಿಸಿಲಿನಲ್ಲಿ ಸ್ಕ್ರೀನ್ ಕಾಣಲಿ ಅಂತ ಇರುವ, ಎಲ್ಲಕ್ಕಿಂತ ಪ್ರಖರವಾದ ಸೆಟ್ಟಿಂಗ್. ನೆನಪಾಯಿತು. ಮೇ ತಿಂಗಳಲ್ಲಿ ಗೇಟ್‌ವೇ ಹತ್ತಿರ ದೋಣಿಗಳ ಫೋಟೋ ತೆಗೆಯಲು ಹೋಗಿದ್ದಾಗ ನಾನೇ ಹಾಕಿದ್ದು. ತಿರುಗಿ ಬದಲಿಸಿಲ್ಲ. ಬಿಸಿಲಿನ ಸ್ಕ್ರೀನನ್ನು ಕತ್ತಲೆ ಹಾಲ್‌ನಲ್ಲಿ ಹಿಡಿದರೆ ಏನಾಗುತ್ತದೆ? ಕಪ್ಪು ಫೋಟೋ ಕೂಡ ಬೆಳ್ಳಗೆ ಕಾಣುತ್ತದೆ. ಜೊತೆಗೆ ಹಿಂದಿನ ಸಾಲಿಗೆ ಅದು ಟಿವಿ ಆಗುತ್ತದೆ. ಒಂದೇ ಸೆಟ್ಟಿಂಗ್, ಎರಡು ಮರ್ಯಾದೆ ಹೋಯಿತು.

ಹಾಗಾದರೆ ಸರಿಯಾದ ಬೆಳಕು ಯಾವುದು? ಸುಮ್ನೆ ಕಣ್ಣಂದಾಜಿಗೆ ಬಿಡಲು ಮನಸ್ಸಾಗಲಿಲ್ಲ. ಒಳಗಿನ ಕೋಣೆಯ ಬಟ್ಟೆ ಒಣಗಿಸುವ ತಂತಿಗೆ ಅಪ್ಪನ ಬಿಳಿ ಪಂಚೆ ನೇತುಹಾಕಿದೆ, ನೆರಿಗೆ ಬರುವ ಹಾಗೆ. ಪಕ್ಕದಲ್ಲಿ ನನ್ನ ಕಪ್ಪು ಕೊಡೆ, ಅರ್ಧ ಬಿಚ್ಚಿ. ಪಂಚೆಯ ನೆರಿಗೆ ಬೆಳಕಿನ ಪರೀಕ್ಷೆಗೆ, ಕೊಡೆಯ ಕಡ್ಡಿ ಕತ್ತಲೆಯ ಪರೀಕ್ಷೆಗೆ. ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಒಂದೇ. ಕ್ಯಾಮೆರಾ ಸ್ಟೂಲ್ ಮೇಲೆ, ಮ್ಯಾನುಯಲ್ ಮೋಡ್. ಮೀಟರ್ ಹೇಳಿದ್ದಕ್ಕಿಂತ ಮೂರು ಸ್ಟಾಪ್ ಕಡಿಮೆಯಿಂದ ಹಿಡಿದು ಮೂರು ಸ್ಟಾಪ್ ಹೆಚ್ಚಿನವರೆಗೆ, ಒಂದೊಂದು ಸ್ಟಾಪಿಗೆ ಒಂದು, ಒಟ್ಟು 7 ಫೋಟೋ.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು. "ಪಂಚೆಗೆ ಪಾಸ್‌ಪೋರ್ಟ್ ಫೋಟೋನಾ?" ಅಂದರು. ಉತ್ತರ ಕೊಡಲಿಲ್ಲ.

ಆ ಏಳನ್ನೂ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟೆ, ಪಕ್ಕದಲ್ಲೇ ಕ್ಯಾಮೆರಾ. ಲ್ಯಾಪ್‌ಟಾಪಿನಲ್ಲಿ ಎರಡು ಸ್ಟಾಪ್ ಕಡಿಮೆಯ ಫೋಟೋದಲ್ಲಿ ಕೊಡೆ ಒಂದು ಕಪ್ಪು ಮುದ್ದೆ, ಕಡ್ಡಿ ಕಾಣುವುದಿಲ್ಲ. ಸನ್ನಿ ವೆದರ್‌ನಲ್ಲಿ ಅದೇ ಫೋಟೋ ನೋಡಿದರೆ ಕಡ್ಡಿ ಎಣಿಸಬಹುದು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಸ್ಕ್ರೀನನ್ನು ಮ್ಯಾನುಯಲ್ ಸೊನ್ನೆಗೆ ತಂದೆ. ಈ ಮಾದರಿಯಲ್ಲಿ ಮೈನಸ್ 2ರಿಂದ ಪ್ಲಸ್ 2ರವರೆಗೆ ಇದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಸೊನ್ನೆ ಲ್ಯಾಪ್‌ಟಾಪಿಗೆ ತಕ್ಕಮಟ್ಟಿಗೆ ಹೊಂದಿತು. ಆಮೇಲೆ ಲೈಟ್ ಆರಿಸಿ ಹಾಲ್‌ನ ಕತ್ತಲೆ ಮಾಡಿದೆ. ಈಗ ಸೊನ್ನೆಯೂ ಜಾಸ್ತಿ ಅನ್ನಿಸಿತು. ಮೈನಸ್ 1 ಸರಿ. ನಮ್ಮ ಕಣ್ಣೇ ಹಾಗೆ, ಕತ್ತಲೆಗೆ ಹೊಂದಿಕೊಂಡ ಮೇಲೆ ದೀಪದ ಕಡ್ಡಿಯೂ ಸೂರ್ಯ.

ವ್ಯೂಫೈಂಡರಿನ ಬ್ರೈಟ್‌ನೆಸ್ ಬೇರೆಯೇ ಇದೆ, ಅದೇ ಹಳದಿ ಟ್ಯಾಬ್. ಅದು ಆಟೋದಲ್ಲಿತ್ತು. ಆಟೋ ಅಂದರೆ ಸುತ್ತಲಿನ ಬೆಳಕಿಗೆ ತಕ್ಕಂತೆ ಅದೇ ಏರಿಳಿಯುತ್ತದೆ. ಕಣ್ಣಿಗೆ ಹಿತ, ಆದರೆ ಅಳತೆಗೋಲು ತಾನೇ ಉದ್ದ ಗಿಡ್ಡ ಆಗುತ್ತಿದ್ದರೆ ಅಳೆಯುವುದು ಹೇಗೆ? ಮ್ಯಾನುಯಲ್ ಸೊನ್ನೆ ಹಾಕಿ ಬಿಟ್ಟೆ. ಕಣ್ಣು ಒತ್ತಿಟ್ಟು ನೋಡುವುದರಿಂದ ಹೊರಗಿನ ಬೆಳಕು ಹೇಗಿದ್ದರೂ ಇಲ್ಲಿ ಒಂದೇ ಥರ ಕಾಣುತ್ತದೆ. ಬೆಳಕಿನ ತೀರ್ಪಿಗೆ ವ್ಯೂಫೈಂಡರ್ ಹೆಚ್ಚು ನಂಬಿಕಸ್ಥ ಅಂತ ನನಗೆ ಗಟ್ಟಿಯಾದದ್ದು ಇಲ್ಲಿ. ಅದರ ಕೆಳಗೇ ಫೈಂಡರಿನ ಬಣ್ಣದ ಹದ ಬದಲಿಸುವ ಸಾಲೂ ಇದೆ. ನನ್ನದು ಲ್ಯಾಪ್‌ಟಾಪಿಗಿಂತ ಒಂಚೂರು ನೀಲಿ ಅನ್ನಿಸಿತು, ಒಂದು ಮೆಟ್ಟಿಲು ಬೆಚ್ಚಗೆ ಮಾಡಿದೆ. ಇವುಗಳಲ್ಲಿ ಯಾವುದೂ ಫೋಟೋವನ್ನು ಬದಲಿಸುವುದಿಲ್ಲ, ನಾವು ನೋಡುವುದನ್ನು ಮಾತ್ರ.

ಗುರುವಾರ

ಏನೂ ಮಾಡಲಿಲ್ಲ. ಕುರ್ಲಾದಲ್ಲಿ ಟ್ರ್ಯಾಕ್ ಮೇಲೆ ನೀರು. ಮನೆ ತಲುಪಿದಾಗ ಹನ್ನೊಂದು ಗಂಟೆ. ಕ್ಯಾಮೆರಾವನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಹಾಕಿ ಮಲಗಿದೆ.

ಶುಕ್ರವಾರ, ಚುಟ್ಟಿ ಎಣಿಸುವ ಪಟ್ಟೆಗಳು

ಮಳೆಗಾಲದ ಆಟಗಳ ಬಗ್ಗೆ ಒಂದು ಮಾತು. ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತಿಗೆ) ಕಳೆದ ಮೇಲೆ ಊರಲ್ಲಿ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಕಲಾವಿದರು ಮುಂಬೈ ಕಡೆ ಬರುತ್ತಾರೆ. ಮಾಟುಂಗಾ ಸುತ್ತಮುತ್ತ ಕನ್ನಡದ ಸಂಘ, ಸಭಾಂಗಣ ಇರುವುದು ಇಂದು ನಿನ್ನೆಯಲ್ಲ. ಅಲ್ಲಿನ ಮೈಸೂರು ಅಸೋಸಿಯೇಷನ್ 1926ರದ್ದು. ಹಾಗಾಗಿ ನಮ್ಮಂಥವರಿಗೆ ಜೂನ್‌ನಿಂದ ಹಬ್ಬ. ಆದರೆ ಊರ ಬಯಲಾಟದ ಹಾಗೆ ಇಲ್ಲಿ ಬೆಳಕು ಒಂದೇ ಥರ ಇರುವುದಿಲ್ಲ. ಒಂದು ಮೂಲೆಯಲ್ಲಿ ಹಳದಿ ಫೋಕಸ್, ಇನ್ನೊಂದು ಕಡೆ ಎಲ್‌ಇಡಿ.

ಇದರ ಮಧ್ಯೆ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ. ಮುಖದ ಮೇಲೆ ಅಕ್ಕಿ ಹಿಟ್ಟಿನ ಚುಟ್ಟಿ ಇಟ್ಟಿರುತ್ತಾರೆ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು, ಒಂದೊಂದು ಮುಳ್ಳನ್ನೂ ಎಬ್ಬಿಸಿ ಮಾಡುವ ಕೆಲಸ. ಫೋಟೋದಲ್ಲಿ ಬೆಳಕು ಸ್ವಲ್ಪ ಜಾಸ್ತಿ ಆದರೆ ಆ ಮುಳ್ಳೆಲ್ಲಾ ಸೇರಿ ಒಂದು ಬಿಳಿ ಪಟ್ಟಿ. ಗಂಟೆಗಟ್ಟಲೆ ಮಾಡಿದ ಕೆಲಸವನ್ನು ನಾವು ಒಂದು ಕ್ಲಿಕ್‌ನಲ್ಲಿ ಅಳಿಸಿದ ಹಾಗೆ.

ಇದಕ್ಕೆ ಜೀಬ್ರಾ. ಕ್ಯಾಮೆರಾ ಸೆಟ್ಟಿಂಗ್ಸ್ 2ರಲ್ಲೇ ಇದೆ. ಬೆಳಕು ಒಂದು ಮಟ್ಟ ದಾಟಿದ ಕಡೆ ಓರೆ ಪಟ್ಟೆಗಳು ಓಡುತ್ತವೆ. ಮಟ್ಟವನ್ನು 70ರಿಂದ 100 ಪ್ಲಸ್‌ವರೆಗೆ ಆರಿಸಬಹುದು. ಮೊದಲು 70 ಇಟ್ಟು ನೋಡಿದೆ, ಪಂಚೆ ಪೂರ್ತಿ ಪಟ್ಟೆಹುಲಿ. 100 ಪ್ಲಸ್‌ಗೆ ಬಂದೆ. ಈಗ ಪಟ್ಟೆ ಬಂತು ಅಂದರೆ ಅಲ್ಲಿ ವಿವರ ಹೋಗುತ್ತಿದೆ ಅಂತ ಅರ್ಥ. ಚುಟ್ಟಿಯ ಮೇಲೆ ಅಲ್ಲೊಂದು ಇಲ್ಲೊಂದು ಪಟ್ಟೆ ಮಿನುಗಿ ಮಾಯವಾಗುವಷ್ಟು ಬೆಳಕು ಇಟ್ಟುಕೊಂಡರೆ ಸರಿ. ಕ್ಯಾಮೆರಾ ಹದ ಮಾಡದೆ ಹಾಗೇ ಉಳಿಸುವ ರಾ ಫೈಲಿನಲ್ಲಿ ಇನ್ನೂ ಸ್ವಲ್ಪ ಜಾಗ ಇರುತ್ತದೆ. ಯಾಕೆಂದರೆ ಜೀಬ್ರಾ, ಹಿಸ್ಟೋಗ್ರಾಮ್ (ಕತ್ತಲೆ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ಗ್ರಾಫ್) ಎರಡೂ ಲೆಕ್ಕ ಹಾಕುವುದು ಜೆಪೆಗ್ ಥರ ಹದ ಮಾಡಿದ ಚಿತ್ರದಿಂದ, ರಾ ಇಂದ ಅಲ್ಲ. ಅದೇ ಕಾರಣಕ್ಕೆ ಆ ಹದ ಆರಿಸುವ ಕ್ರಿಯೇಟಿವ್ ಸ್ಟೈಲ್ ಅನ್ನು ವಿವಿಡ್‌ನಿಂದ ನ್ಯೂಟ್ರಲ್‌ಗೆ ತಂದೆ. ಕಣ್ಣಿಗೆ ಸಪ್ಪೆ, ಆದರೆ ಪಟ್ಟೆಗಳು ಸತ್ಯಕ್ಕೆ ಹತ್ತಿರ.

ಪೀಕಿಂಗ್ ಕೂಡ ಬೇಕು ಅಂದುಕೊಂಡಿದ್ದೆ. ನನ್ನ ಹತ್ತಿರ ಹಳೇ ಮ್ಯಾನುಯಲ್ ಲೆನ್ಸ್ ಒಂದಿದೆ, ಫೋಕಸ್ ಆದ ಅಂಚಿಗೆ ಬಣ್ಣ ಬಂದರೆ ಅನುಕೂಲ. ಕೆಂಪು ಇಟ್ಟೆ, ವೇಷದ ಬಟ್ಟೆಯೇ ಕೆಂಪು. ಹಳದಿ ಇಟ್ಟೆ, ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲಾ ಚಿನ್ನದ ಬಣ್ಣ. ಬಿಳಿ ಇಟ್ಟರೆ ಚುಟ್ಟಿ. ಯಕ್ಷಗಾನದ ಮುಂದೆ ಪೀಕಿಂಗ್ ಸೋತಿತು. ಆಫ್ ಮಾಡಿ, ಫೋಕಸ್ ಮ್ಯಾಗ್ನಿಫೈಯರ್ ಇಟ್ಟುಕೊಂಡೆ. ಅದರಲ್ಲಿ ಕಣ್ಣಿನ ಕಪ್ಪಿಗೆ ಹಿಗ್ಗಿಸಿ ನೋಡುವುದು ನಿಧಾನ, ಆದರೆ ಮೋಸ ಇಲ್ಲ. ಕುಣಿತಕ್ಕೆ ಹೇಗೂ ಆಟೋಫೋಕಸ್ ಲೆನ್ಸೇ.

ಆಮೇಲೆ ಯಾವ ಕಿಟಕಿಯಲ್ಲಿ ಏನು ಕಾಣಬೇಕು ಅನ್ನುವುದು. ಇಲ್ಲಿ ನನಗೆ ಬಹಳ ದಿನ ತಿಳಿಯದ ಒಂದು ಗುಟ್ಟು ಇದೆ. ಹಿಂದಿನ ಚಕ್ರದ ಮೇಲ್ತುದಿ ಒತ್ತಿದರೆ ಪರದೆಯ ಮಾಹಿತಿ ಬದಲಾಗುತ್ತದಲ್ಲ, ಅದು ಆ ಹೊತ್ತಿಗೆ ಯಾವುದು ಹತ್ತಿದೆಯೋ ಅದಕ್ಕೆ ಮಾತ್ರ. ಸ್ಕ್ರೀನ್ ನೋಡುತ್ತಾ ಎಷ್ಟು ಸಲ ಒತ್ತಿದರೂ ವ್ಯೂಫೈಂಡರ್ ಬದಲಾಗುವುದಿಲ್ಲ. ಕಣ್ಣಿಟ್ಟುಕೊಂಡೇ ಒತ್ತಬೇಕು. ಯಾವ ಯಾವ ಬಗೆ ಸರದಿಯಲ್ಲಿ ಬರಬೇಕು ಅಂತ ಮೆನುವಿನಲ್ಲಿ ಎರಡಕ್ಕೂ ಬೇರೆ ಬೇರೆ ಟಿಕ್ ಹಾಕಬಹುದು.

ನಾನು ವ್ಯೂಫೈಂಡರನ್ನು ಖಾಲಿ ಬಿಟ್ಟೆ. ಕೆಳಗಿನ ಅಂಕಿಗಳ ಸಾಲು, ಫೋಕಸ್ ಚೌಕ, ಜೀಬ್ರಾ, ಮೂರು ಭಾಗದ ಗೆರೆ. ಅಷ್ಟೇ. ಆ ಗೆರೆ ಕಲೆಗಾರಿಕೆಗೆ ಅಲ್ಲ, ಕಿರೀಟದ ತುದಿ ಕತ್ತರಿಸಿ ಹೋಗದಿರಲಿ ಅಂತ. ಮೇಲಿನ ಗೆರೆಗೆ ಕಣ್ಣು ಕೂರಿಸಿದರೆ ಕಿರೀಟಕ್ಕೆ ಜಾಗ ಸಿಗುತ್ತದೆ. ಸ್ಕ್ರೀನಿನಲ್ಲಿ ಹಿಸ್ಟೋಗ್ರಾಮ್ ಮತ್ತು ಕ್ಯಾಮೆರಾ ವಾಲಿದ್ದನ್ನು ತೋರಿಸುವ ಲೆವೆಲ್. ಅಲ್ಲಿ ನೋಡುವುದು ಬಿಡುವಿನಲ್ಲಿ, ಹಾಗಾಗಿ ಲೆಕ್ಕಪತ್ರ ಅಲ್ಲಿರಲಿ. ಕುಣಿಯುತ್ತಿರುವವರ ಮುಖದ ಮೇಲೆ ಗ್ರಾಫ್ ಬೇಡ. ಎಲ್ಲವೂ ಎಲ್ಲ ಕಡೆ ಕಾಣಬೇಕು ಅನ್ನುವವರನ್ನು ಕಂಡಿದ್ದೇನೆ, ಅವರ ವ್ಯೂಫೈಂಡರ್ ಸ್ಟೇಷನ್ನಿನ ಇಂಡಿಕೇಟರ್ ಬೋರ್ಡಿನ ಹಾಗಿರುತ್ತದೆ.

'ಆಟೋ ರಿವ್ಯೂ' ಆಫ್. ಇದು ಆನ್ ಇದ್ದರೆ ತೆಗೆದ ಫೋಟೋ ಕಣ್ಣ ಮುಂದೆ ಎರಡು ಸೆಕೆಂಡ್ ನಿಲ್ಲುತ್ತದೆ. ಅಷ್ಟರಲ್ಲಿ ಎರಡು ದಿಗಿಣ (ಹಾರಿ ಸುತ್ತುವ ಕುಣಿತ) ಹೋಗಿರುತ್ತದೆ. ಹಾಗೇ ಬೀಪ್ ಸದ್ದು ಆಫ್, ಕತ್ತಲೆಯಲ್ಲಿ ಫೋಕಸ್‌ಗೆ ಹತ್ತುವ ಮುಂದಿನ ದೀಪವೂ ಆಫ್. ಅದು ಒಮ್ಮೆ ಭಾಗವತರ ಮುಖಕ್ಕೇ ಬಿದ್ದಿತ್ತು, ಅವರು ಪದ ಬಿಡದೆ ಹುಬ್ಬು ಮಾತ್ರ ಏರಿಸಿದ್ದರು.

ಫೈಂಡರಿನ ಫ್ರೇಮ್ ರೇಟ್ ಬಗ್ಗೆ ಸೀಲಿಂಗ್ ಫ್ಯಾನ್ ನೋಡಿ ತೀರ್ಮಾನ ಮಾಡಿದೆ. ನನ್ನ ಕ್ಯಾಮೆರಾ ನಮ್ಮ ಕಡೆಯ ವಿಡಿಯೋ ಪದ್ಧತಿಯಾದ ಪಾಲ್‌ನಲ್ಲಿದೆ, ಹಾಗಾಗಿ ಸೆಕೆಂಡಿಗೆ 50 ಅಥವಾ 100. ನೂರರಲ್ಲಿ ಚಲನೆ ನಯ, ಆದರೆ ಫೈಂಡರಿನ ವಿವರ ಸ್ವಲ್ಪ ಇಳಿಯುತ್ತದೆ. ಫ್ಯಾನ್‌ಗೆ ನೂರು ಚೆಂದ. ಕುಣಿತಕ್ಕೂ ನೂರು, ಬಣ್ಣ ಹಾಕುವ ಚೌಕಿಗೆ 50. ಬ್ಯಾಟರಿ ಮಾತಿಗೆ ಬಂದರೆ, ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ ವ್ಯೂಫೈಂಡರಿನಲ್ಲಿ ಸುಮಾರು 360 ಫೋಟೋ, ಸ್ಕ್ರೀನಿನಲ್ಲಿ 410. ಕಣ್ಣಿನ ಕಿಟಕಿಗೆ ಹೋದರೆ ಬ್ಯಾಟರಿ ಉಳಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ, ಉಲ್ಟಾ. ಜೇಬಿನಲ್ಲಿ ಇನ್ನೊಂದು ಇಟ್ಟುಕೊಂಡೆ.

ಶನಿವಾರ, ಎರಡು ಎಡವಟ್ಟು

ಒಂದು. ಸ್ಕ್ರೀನಿಗೆ ಬಿಸಿಲು ಮರೆ ಮಾಡಲು ಸ್ಟೇಷನರಿ ಅಂಗಡಿಯಿಂದ 20 ರೂಪಾಯಿಯ ಕಪ್ಪು ಫೋಮ್ ಶೀಟ್ ತಂದೆ. ಅಳತೆ ಮಾಡಿ ಮೂರು ಬದಿಗೆ ಗೋಡೆ ಕತ್ತರಿಸಿ, ಡಬಲ್ ಟೇಪ್ ಅಂಟಿಸಿ, ಪುಟ್ಟ ಗೂಡು ಮಾಡಿದೆ. ನೋಡಲು ಚೆನ್ನಾಗಿತ್ತು. ಹತ್ತಿಸಿದರೆ ಸ್ಕ್ರೀನ್ ಕಪ್ಪು. ಮೇಲಿನ ಗೋಡೆ ಕಣ್ಣಿನ ಸೆನ್ಸರಿಗೆ ಅಡ್ಡ ನಿಂತಿದೆ! ಸೋಮವಾರ ಕಲಿತದ್ದು ಶನಿವಾರ ಮರೆತಿದ್ದೆ. ಮೇಲಿನ ಗೋಡೆಯ ಎಡಗಡೆಯನ್ನು ಒಂದು ಬೆರಳಗಲ ಕತ್ತರಿಸಿದ ಮೇಲೆ ಸರಿಯಾಯಿತು. ಗೂಡು ಇನ್ನು ಬಿಸಿಲಿಗೆ ಮಾತ್ರ.

ಎರಡು. ಆಟದ ದಿನ ಚೌಕಿಯಲ್ಲಿ ಎಲ್ಲಾ ಕಲಾವಿದರ ಗುಂಪು ಫೋಟೋ ಬೇಕು ಅಂದಿದ್ದರು. ಅದಕ್ಕೆ ಫ್ಲಾಶ್. ಮನೆಯಲ್ಲೇ ಅಭ್ಯಾಸ ಮಾಡೋಣ ಅಂತ ಎಫ್ 8, 1/160, ಐಎಸ್‌ಒ 400 ಇಟ್ಟೆ. ವ್ಯೂಫೈಂಡರ್ ಕಗ್ಗತ್ತಲು. ಅದರ ತಪ್ಪಲ್ಲ. 'ಲೈವ್ ವ್ಯೂ ಡಿಸ್‌ಪ್ಲೇ'ಯಲ್ಲಿ ಸೆಟ್ಟಿಂಗ್ ಎಫೆಕ್ಟ್ ಆನ್ ಇದ್ದರೆ ಕ್ಯಾಮೆರಾ ನಾವಿಟ್ಟ ಬೆಳಕನ್ನೇ ತೋರಿಸುತ್ತದೆ, ಫ್ಲಾಶ್ ಬರಲಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಎಫೆಕ್ಟ್ ಆಫ್ ಮಾಡಿದರೆ ಕೋಣೆ ಬೆಳ್ಳಗೆ ಕಾಣುತ್ತದೆ, ಆರಾಮಾಗಿ ಫ್ರೇಮ್ ಮಾಡಬಹುದು. ಇದನ್ನು ಸಿ2 ಬಟನ್ನಿಗೆ ಕೊಟ್ಟೆ. ಒಂದು ಎಚ್ಚರ: ಆಫ್ ಇದ್ದಾಗ ಜೀಬ್ರಾ, ಹಿಸ್ಟೋಗ್ರಾಮ್ ಹೇಳುವುದನ್ನು ಕೇಳಬೇಡಿ. ಅವು ತೋರಿಕೆಯ ಬೆಳಕಿನ ಲೆಕ್ಕ ಹೇಳುತ್ತವೆ, ಫೋಟೋದ್ದಲ್ಲ. ನೆನಪಿಗೆ ಸಿ2 ಪಕ್ಕ ಒಂದು ಚುಕ್ಕಿ ಇಟ್ಟೆ. ಹೌದು, ಗುಲಾಬಿ.

ರಾತ್ರಿ ಕೊನೆಗೆ ಇವನ್ನೆಲ್ಲಾ 'ಮೈ ಮೆನು'ಗೆ ಸೇರಿಸಿದೆ. ಮಾನಿಟರ್ ಬ್ರೈಟ್‌ನೆಸ್ ಮೊದಲ ಸಾಲು. ಸನ್ನಿ ವೆದರ್ ಇನ್ನೊಮ್ಮೆ ಅಡಗಿ ಕೂರಬಾರದು.

ಭಾನುವಾರ

ಅದೇ ಹಾಲ್. ಚೌಕಿಯಲ್ಲಿ ಗುಂಪು ಫೋಟೋ ಮುಗಿಸಿ, ಸಿ2 ಒತ್ತಿ ಎಫೆಕ್ಟ್ ಆನ್ ಮಾಡಿ, ಸಿ1 ಒತ್ತಿ ಸ್ಕ್ರೀನ್ ಆರಿಸಿ, ಮೂರನೇ ಸಾಲಿಗೆ ಹೋದೆ. ಎಡಗಣ್ಣಿನಿಂದ ನೋಡುವ ಅಭ್ಯಾಸ ನನಗೆ. ವ್ಯೂಫೈಂಡರ್ ಎಡ ಮೂಲೆಯಲ್ಲಿರುವುದರಿಂದ ಮೂಗು ಸೀದಾ ಸ್ಕ್ರೀನಿಗೆ. ಟಚ್ ಪ್ಯಾಡ್ ಆನ್ ಇತ್ತು. ಭಾಗವತರ ಮೇಲಿದ್ದ ಫೋಕಸ್ ಚೌಕ ಮೂಗು ತಾಗಿ ಚೆಂಡೆಗೆ ಹಾರಿತು. ವಾರವಿಡೀ ಯೋಚಿಸದೇ ಬಿಟ್ಟಿದ್ದು ಅದೊಂದೇ. ಟಚ್ ಕೆಲಸ ಮಾಡುವ ಜಾಗವನ್ನು ಬಲಗಡೆಯ ಅರ್ಧಕ್ಕೆ ಸೀಮಿತ ಮಾಡಿದೆ, ಅಲ್ಲೇ, ಕತ್ತಲೆಯಲ್ಲಿ, ವ್ಯೂಫೈಂಡರಿನೊಳಗೇ ಮೆನು ನೋಡುತ್ತಾ. ಅಂಕಿಗಳು ಚೂಪಾಗಿ ಕಾಣುತ್ತಿದ್ದುದರಿಂದ ಅರ್ಧ ನಿಮಿಷ ಸಾಕಾಯಿತು.

ಎಲ್‌ಇಡಿ ಕಡೆಗೆ ವೇಷ ಹೋದಾಗ ಫೈಂಡರಿನಲ್ಲಿ ಅಡ್ಡ ಪಟ್ಟಿಗಳು ಹರಿದವು. ನಮ್ಮಲ್ಲಿ ಕರೆಂಟ್ 50 ಹರ್ಟ್ಜ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100ಕ್ಕೆ ಇಳಿಸಿದಾಗ ಫೋಟೋ ಸಮ ಬಂತು. ದಿಗಿಣಕ್ಕೆ ಅದು ಸಾಲದು, ಅಲ್ಲಿ 1/320ಕ್ಕೆ ಏರಿಸಿ, ಹತ್ತರಲ್ಲಿ ಮೂರು ಫೋಟೋ ಹಾಳಾದರೆ ಆಗಲಿ ಅಂತ ಬಿಟ್ಟೆ. ಸೈಲೆಂಟ್ ಶಟರ್ ಮಾತ್ರ ಮುಟ್ಟಲಿಲ್ಲ, ಈ ದೀಪದಲ್ಲಿ ಅದು ಹಾಕಿದರೆ ವೇಷಕ್ಕೆ ಪಟ್ಟೆ ಸೀರೆ ಉಡಿಸಿದ ಹಾಗೆ.

ಬಣ್ಣದ ವೇಷ ತೆರೆ ಸರಿಸಿ ಅಬ್ಬರಿಸಿದಾಗ ಚುಟ್ಟಿಯ ಮೇಲೆ ಜೀಬ್ರಾ ಒಂದಿಷ್ಟು ಓಡಿತು. ಅಪರ್ಚರ್ ಅರ್ಧ ಸ್ಟಾಪ್ ಮುಚ್ಚಿದೆ. ಪಟ್ಟೆ ನಿಂತಿತು. ಮನೆಗೆ ಬಂದು ನೋಡಿದರೆ ಗಲ್ಲದ ಮುಳ್ಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಒಂದು ಗಲ್ಲದಲ್ಲಿ ಎರಡು ಮುಳ್ಳು ಉದುರಿದ್ದು ಕೂಡ ಕಂಡಿತು.

ಆಟ ಮುಗಿದು ಹೊರಗೆ ಬರುವಾಗ ಅದೇ ಹಿರಿಯರು ಚಪ್ಪಲಿ ಹುಡುಕುತ್ತಿದ್ದರು. ನನ್ನನ್ನು ನೋಡಿ, "ಇವತ್ತು ಫೋಟೋ ತೆಗೀಲಿಲ್ವಾ ನೀವು?" ಅಂದರು.

"ತೆಗ್ದೆ, 500 ಚಿಲ್ಲರೆ."

"ಹೌದಾ? ನಾನು ನಿಮ್ಮ ಹಿಂದೆಯೇ ಇದ್ದೆ ಮಾರಾಯ್ರೆ." ಚಪ್ಪಲಿ ಹಾಕಿಕೊಂಡು, "ಆ ಬಣ್ಣದ ವೇಷದ್ದು ಒಂದು ನಂಗೆ ಕಳ್ಸಿ" ಅಂತ ಮೊಬೈಲ್ ನಂಬರ್ ಕೊಟ್ಟರು.

ಬಾಕಿ ಉಳಿದದ್ದು ಐಕಪ್. ತೆಗೆದು ಹಾಕಿ ತೆಗೆದು ಹಾಕಿ ಕೆಳಗಿನ ರಬ್ಬರ್ ಸೀಳಿದೆ, ಆ ಸಂದಿಯಿಂದ ಬೆಳಕು ನುಗ್ಗುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದೇನೆ, ವಾಸನೆ ತಡೆಯಲಾಗುತ್ತಿಲ್ಲ. ಮುಂದಿನ ಶನಿವಾರ ಬೋರಾ ಬಜಾರಿಗೆ ಹೋಗಬೇಕು.